ನಾನು ಯಾವ ಮೂಲೆಯವನು?

ಎಪ್ಪತ್ತೈದು ದಾಟಿದ ಮೇಲೆ ಮತ್ತೊಮ್ಮೆ ಪರೀಕ್ಷೆಗೆ ಕೂರುವ ಯೋಗ ನನ್ನ ಜಾತಕದಲ್ಲಿದೆಯೆಂದು ಯಾವ ಜೋಯಿಸರೂ ಹೇಳಿರಲಿಲ್ಲ. ಕೂತದ್ದಾದರೂ ಎಂಥ ಪರೀಕ್ಷೆಗೆ! ಹತ್ತೇ ಪ್ರಶ್ನೆ, ಓದಬೇಕಾದ ಪುಸ್ತಕವಿಲ್ಲ, ತಪ್ಪು ಉತ್ತರವೆಂಬುದೇ ಇಲ್ಲ, ಐದು ನಿಮಿಷದಲ್ಲಿ ಫಲಿತಾಂಶ ಕೈಗೆ. ಆದರೂ ಅದರಲ್ಲಿ ನಾನು ಪಾಸಾದೆನೋ ನಪಾಸಾದೆನೋ ಇನ್ನೂ ಇತ್ಯರ್ಥವಾಗಿಲ್ಲ. ಒಂದು ಪ್ರಶ್ನೆಯ ಉತ್ತರ ಬಾಕಿಯುಳಿದಿದೆ.

ನಡೆದದ್ದು ಇಷ್ಟು. ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಾನು ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚುವ ಹವಣಿಕೆಯಲ್ಲಿದ್ದೆ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಿರುವ ಮೊಮ್ಮಗಳು ಬಂದು ಎದುರಿಗೆ ಕೂತಳು. ಅವಳ ಕೈಯಲ್ಲಿ ವಿಸಿಟಿಂಗ್ ಕಾರ್ಡಿನಷ್ಟೇ ಅಗಲದ ಒಂದು ಅಚ್ಚಿನ ಚೀಟಿ.

"ಅಜ್ಜ, ನಿಮ್ಮ ರಾಜಕೀಯ ಯಾವುದು?"

"ನನಗೆಂತ ರಾಜಕೀಯ ಮಗಾ? ಬೆಳಿಗ್ಗೆ ನಳದಲ್ಲಿ ಸರಿಯಾಗಿ ನೀರು ಬಂದರೆ ಸಾಕು."

"ಹಾಗಲ್ಲ ಅಜ್ಜ. ಎಲ್ಲರಿಗೂ ಒಂದು ಇರ್ತದೆ. ಅದು ಯಾವುದು ಅಂತ ಈ ಕಾರ್ಡು ಹೇಳ್ತದೆ."

ಅರುವತ್ತು ವರ್ಷ ಮುಂಬಯಿಯಲ್ಲಿ ಬಾಳಿದವನನ್ನು ಜನ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ನಿಮ್ಮದು ಯಾವ ಊರು?" ಅದಕ್ಕೆ ಉತ್ತರ ಹೇಳಿ ಹೇಳಿ ನನ್ನ ನಾಲಗೆ ಪಳಗಿದೆ. ಕುಂದಾಪುರವೆಂದರೆ ತಿಳಿಯದವರಿಗೆ ಉಡುಪಿ, ಉಡುಪಿಯೂ ತಿಳಿಯದವರಿಗೆ ಮಂಗಳೂರು. ಆದರೆ ಮನಸ್ಸಿನೊಳಗಣ ಊರು ಯಾವುದೆಂದು ಕೇಳಿದವಳು ಇವಳೊಬ್ಬಳೇ. ನಿದ್ದೆ ಹಾರಿತು.

ಈ ಚೀಟಿಗೆ ಒಂದು ಚರಿತ್ರೆಯಿದೆ. ರಾಜಕೀಯದಲ್ಲಿ ಎಡ, ಬಲ ಎಂಬ ಮಾತು ಹುಟ್ಟಿದ್ದು 1789ರ ಫ್ರಾನ್ಸಿನಲ್ಲಿ. ಅಲ್ಲಿಯ ರಾಷ್ಟ್ರಸಭೆಯಲ್ಲಿ ಅರಸನ ಅಧಿಕಾರವನ್ನು ಎತ್ತಿಹಿಡಿದವರು ಅಧ್ಯಕ್ಷರ ಬಲಕ್ಕೂ ಅದನ್ನು ಕುಗ್ಗಿಸಬೇಕೆಂದವರು ಎಡಕ್ಕೂ ಸೇರಿ ಕೂತರು. ಅಂದು ಕೂತ ಜಾಗದಿಂದ ಲೋಕ ಇನ್ನೂ ಎದ್ದಿಲ್ಲ. ಮನುಷ್ಯನ ಅಭಿಪ್ರಾಯವನ್ನು ಒಂದೇ ಗೆರೆಯ ಮೇಲೆ ಅಳೆಯುವುದು ಸಾಲದೆಂದು ಹ್ಯಾನ್ಸ್ ಐಸೆಂಕ್ ಎಂಬ ಮನಶ್ಶಾಸ್ತ್ರಜ್ಞರು 1954ರಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕ ಬರೆದು, ಅದಕ್ಕೆ ಅಡ್ಡಲಾಗಿ ಇನ್ನೊಂದು ಗೆರೆ ಎಳೆದರು. 1971ರಲ್ಲಿ ಡೇವಿಡ್ ನೋಲನ್ ಎಂಬ ಅಮೆರಿಕದ ತರುಣನೊಬ್ಬ ಬೇರೆ ಎರಡು ಗೆರೆಗಳನ್ನು ಹಾಕಿದ. ಒಂದು, ಸ್ವಂತ ಬದುಕಿನಲ್ಲಿ ಎಷ್ಟು ಸ್ವಾತಂತ್ರ್ಯ ಬೇಕೆಂಬುದು. ಇನ್ನೊಂದು, ಹಣಕಾಸಿನ ವಿಷಯದಲ್ಲಿ ಎಷ್ಟು ಸ್ವಾತಂತ್ರ್ಯ ಬೇಕೆಂಬುದು. ಅದೇ ವರ್ಷದ ಕೊನೆಗೆ ಆತನೂ ಅವನ ಗೆಳೆಯರೂ ಸೇರಿ ಅಲ್ಲಿ ಲಿಬರ್ಟೇರಿಯನ್ ಪಕ್ಷವನ್ನು ಕಟ್ಟಿದರು. 1980ರ ದಶಕದಲ್ಲಿ ಮಾರ್ಷಲ್ ಫ್ರಿಟ್ಸ್ ಎಂಬ ಇನ್ನೊಬ್ಬರು ನೋಲನ್ನನ ನಕ್ಷೆಗೆ ಹತ್ತು ಪ್ರಶ್ನೆ ಸೇರಿಸಿ, ಜೇಬಿನಲ್ಲಿ ಹಿಡಿಯುವ ಕಾರ್ಡಿನ ಮೇಲೆ ಅಚ್ಚುಹಾಕಿ ಹಂಚಿದರು. ಲೋಕದ ಅತಿ ಚಿಕ್ಕ ರಾಜಕೀಯ ಪರೀಕ್ಷೆ ಎಂಬುದು ಅದರ ಬಿರುದು. 2001ರಲ್ಲಿ ಇಂಗ್ಲೆಂಡಿನಲ್ಲಿ ಅರುವತ್ತಕ್ಕೂ ಮಿಕ್ಕಿದ ಪ್ರಶ್ನೆಗಳ 'ಪೊಲಿಟಿಕಲ್ ಕಂಪಾಸ್' ಎಂಬ ದೊಡ್ಡ ಪರೀಕ್ಷೆಯೂ ಹೊರಟಿತು. ನಮ್ಮ ಗಾಂಧೀಜಿಯವರಿಗೂ ಅದರಲ್ಲಿ ಕೆಳಗಿನ ಎಡಮೂಲೆಯಲ್ಲೊಂದು ಜಾಗ ಕೊಟ್ಟಿದ್ದಾರೆ. ಗಾಂಧೀಜಿ ಆ ಪ್ರಶ್ನೆಗಳಿಗೆ ಉತ್ತರ ಬರೆದಿರಲಿಲ್ಲವೆಂಬುದು ಬೇರೆ ಮಾತು.

ನನ್ನೆದುರಿಗಿದ್ದುದು ಚಿಕ್ಕ ಪರೀಕ್ಷೆ. ಸ್ವಂತ ಬದುಕಿನ ಬಗ್ಗೆ ಐದು ಪ್ರಶ್ನೆ, ಹಣದ ಬಗ್ಗೆ ಐದು. ಒಪ್ಪಿದರೆ ಇಪ್ಪತ್ತು ಅಂಕ, 'ಇರಬಹುದು' ಎಂದರೆ ಹತ್ತು, ಒಪ್ಪದಿದ್ದರೆ ಸೊನ್ನೆ. ಕೊನೆಗೆ ಎರಡು ಮೊತ್ತ ಕೂಡಿಸಿ ಚಕ್ಕುಲಿಯಲ್ಲದಿದ್ದರೂ ಚೌಕುಳಿಯಾದ ಒಂದು ನಕ್ಷೆಯ ಮೇಲೆ ಚುಕ್ಕೆಯಿಡುವುದು. ನಕ್ಷೆಯ ನೆತ್ತಿಯ ಮೂಲೆ ಲಿಬರ್ಟೇರಿಯನ್ನರದು, ಪಾದದಲ್ಲಿ ಎಲ್ಲವನ್ನೂ ಸರಕಾರವೇ ಆಳಬೇಕೆಂಬವರದು, ಎಡಬಲಗಳಲ್ಲಿ ಉಳಿದವರು. ನಕ್ಷೆ ಬರೆದವನು ತನ್ನ ಮನೆಯನ್ನು ಗುಡ್ಡದ ತುದಿಯಲ್ಲೇ ಕಟ್ಟಿಕೊಂಡದ್ದನ್ನು ನಾನು ಗಮನಿಸದೆ ಇರಲಿಲ್ಲ.

ಮೊದಲನೆಯ ಪ್ರಶ್ನೆ: ಮಾತು, ಪತ್ರಿಕೆಗಳ ಮೇಲೆ ಸರಕಾರ ನಿರ್ಬಂಧ ಹೇರಬಾರದು. "ಬರಿ, ಇಪ್ಪತ್ತು ಬರಿ" ಎಂದೆ. 1975ರಿಂದ 1977ರ ತುರ್ತುಪರಿಸ್ಥಿತಿಯನ್ನು ಈ ಊರಿನಲ್ಲಿ ಕಂಡವನು ನಾನು. ಸಂಪಾದಕೀಯದ ಜಾಗ ಬಿಳಿಯಾಗಿ ಬಂದ ಪತ್ರಿಕೆಯನ್ನು ಕಣ್ಣಾರೆ ನೋಡಿದವನಿಗೆ ಇದರಲ್ಲಿ ಸಂಶಯವಿಲ್ಲ. ಬಲವಂತದ ಸೈನ್ಯ ಸೇವೆ ಬೇಡ, ಅದಕ್ಕೂ ಇಪ್ಪತ್ತು. ವಯಸ್ಸಿಗೆ ಬಂದವರ ಖಾಸಗಿ ಬಾಳಿನಲ್ಲಿ ಕಾನೂನು ಇಣುಕಬಾರದು. ಮೊಮ್ಮಗಳ ಮುಖ ನೋಡದೆ, ಇಪ್ಪತ್ತು. ಮಾದಕ ವಸ್ತುಗಳ ಮೇಲಿನ ನಿಷೇಧ ತೆಗೆಯಬೇಕು, ಸೊನ್ನೆ.

ಐದನೆಯದು, ದೇಶಕ್ಕೆಲ್ಲ ಒಂದೇ ಗುರುತಿನ ಚೀಟಿ ಬೇಡವೆಂಬುದು. ಇಲ್ಲಿ ತಡೆದೆ. ಆಧಾರ್ ಚೀಟಿಯ ಮೊದಲ ಸಂಖ್ಯೆಯನ್ನು 2010ರಲ್ಲಿ ನಮ್ಮ ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯಲ್ಲೇ ಕೊಟ್ಟದ್ದು. ನನಗೆ ಅದರಿಂದ ಉಪಕಾರವಾಗಿದೆ. ಆದರೆ ಅದರ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರು ಯಾರು? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ಮೇಲೆ. ಅವರ ಹೆಸರಿನ ಮೊಕದ್ದಮೆಯಲ್ಲೇ 2017ರಲ್ಲಿ ಒಂಬತ್ತು ಮಂದಿ ನ್ಯಾಯಮೂರ್ತಿಗಳು ಖಾಸಗಿತನ ಪ್ರಜೆಯ ಮೂಲಭೂತ ಹಕ್ಕೆಂದು ಒಕ್ಕೊರಲಿನಿಂದ ತೀರ್ಪಿತ್ತರು. ಅಂಥವರ ಮರ್ಯಾದೆಗಾದರೂ ಪೂರಾ ಸೊನ್ನೆ ಕೊಡಲಾರದೆ "ಇರಬಹುದು" ಎಂದೆ. ಒಟ್ಟು ಎಪ್ಪತ್ತು.

ಇನ್ನು ಹಣದ ಐದು. ದೊಡ್ಡ ಕಂಪನಿಗಳಿಗೆ ಸರಕಾರ ದುಡ್ಡು ಕೊಡಬಾರದು: ಒಪ್ಪಿದೆ. ದೇಶದೇಶಗಳ ವ್ಯಾಪಾರಕ್ಕೆ ತಡೆ ಬೇಡ: ಇರಬಹುದು. ಮುಪ್ಪಿನ ಪಿಂಚಣಿಯನ್ನು ಖಾಸಗಿಗೆ ಬಿಡಿ: ಇಲ್ಲ. ತೆರಿಗೆಯನ್ನೂ ಸರಕಾರದ ಖರ್ಚನ್ನೂ ಅರ್ಧಕ್ಕರ್ಧ ಇಳಿಸಿ: ತೆರಿಗೆಯ ಮಾತು ಕಿವಿಗೆ ಇಂಪಾಗಿದ್ದರೂ ಖರ್ಚಿನ ಮಾತಿಗೆ ಹೆದರಿ, ಇಲ್ಲ. ಉಳಿದದ್ದು ಒಂದು. ಬಡವರಿಗೆ ಸರಕಾರದ ಸಹಾಯ ನಿಲ್ಲಿಸಿ, ಆ ಕೆಲಸವನ್ನು ದಾನಿಗಳ ಧರ್ಮಬುದ್ಧಿಗೆ ಬಿಡಬೇಕು.

"ಹೇಳಿ ಅಜ್ಜ."

ನಾನು ಹೇಳಲಿಲ್ಲ. ಹೇಳಲು ಬರಲಿಲ್ಲ. "ಇದೊಂದು ಇರಲಿ ಮಗಾ, ಆಮೇಲೆ ನೋಡುವ" ಎಂದೆ. ಅವಳು ಆ ಜಾಗ ಬಿಟ್ಟು, ಚುಕ್ಕೆಯನ್ನು ನಡುವಿಗೂ ಎಡಕ್ಕೂ ಮಧ್ಯದ ಗಡಿಯ ಹತ್ತಿರ ಎಲ್ಲೋ ಇಟ್ಟಳು. ಹುಟ್ಟಿದ ಊರು ಮದ್ರಾಸಿನಿಂದ ಮೈಸೂರು ರಾಜ್ಯಕ್ಕೂ ಮೈಸೂರಿನಿಂದ ಕರ್ನಾಟಕಕ್ಕೂ ಹೆಸರು ಬದಲಿಸಿಕೊಂಡದ್ದನ್ನು ನೋಡಿದವನಿಗೆ ಗಡಿಯ ಮೇಲೆ ನಿಲ್ಲುವುದು ಹೊಸತೇನಲ್ಲ.

ಮುಂದಿನ ಪರೀಕ್ಷಾರ್ಥಿ ನನ್ನ ಮನೆಯವಳು. ಅವಳು ಅಡುಗೆಮನೆಯಲ್ಲಿ ಹಲಸಿನೆಲೆಯ ಕೊಟ್ಟೆ ಕಟ್ಟುತ್ತಿದ್ದಳು. ಮೊಮ್ಮಗಳು ಬಾಗಿಲಲ್ಲಿ ನಿಂತು ಒಂದೊಂದೇ ಪ್ರಶ್ನೆಯನ್ನು ಕನ್ನಡಿಸಿ ಓದಿದಳು. ಕಡ್ಡಿ ಚುಚ್ಚುವುದರಲ್ಲಿ ಮಗ್ನಳಾದ ಅಜ್ಜಿ ಎಲ್ಲಕ್ಕೂ "ಹ್ಞೂಂ, ಹೌದು, ಮತ್ತೆ?" ಎನ್ನುತ್ತ ಹೋದಳು. ಫಲಿತಾಂಶ: ನೂರಕ್ಕೆ ನೂರು, ನೂರಕ್ಕೆ ನೂರು. ನಕ್ಷೆಯ ತುತ್ತತುದಿ! ನಾನು ದಿನಕ್ಕೆ ಎಷ್ಟು ಲೋಟ ಕಾಫಿ ಕುಡಿಯಬೇಕು, ಅದಕ್ಕೆ ಎಷ್ಟು ಸಕ್ಕರೆ ಬೀಳಬೇಕು, ರಾತ್ರಿ ಎಷ್ಟಕ್ಕೆ ದೀಪ ಆರಬೇಕು ಎಂಬುದನ್ನೆಲ್ಲ ಐವತ್ತು ವರ್ಷಗಳಿಂದ ಆಜ್ಞಾಪಿಸುತ್ತ ಬಂದಿರುವ ಹೆಂಗಸು ಲೋಕದ ಸಂಪೂರ್ಣ ಸ್ವಾತಂತ್ರ್ಯವಾದಿಯೆಂದು ಸಿದ್ಧವಾಯಿತು.

ನಾನು ಮೆಲ್ಲನೆ ಕೇಳಿದೆ: "ಅಲ್ಲ ಮಾರಾಯ್ತಿ, ಕಷ್ಟದಲ್ಲಿರುವವರಿಗೆ ಸರಕಾರ ಸಹಾಯ ಮಾಡಬೇಕಲ್ಲವೆ?"

"ಹ್ಞೂಂ, ಮಾಡಬೇಡವಾ ಮತ್ತೆ? ಅದೆಂತ ಕೇಳುವುದು?"

ಮೊಮ್ಮಗಳು ನಕ್ಕಳು. ಆದರೆ ಇದು ಬರಿಯ ನಗೆಯ ಮಾತಲ್ಲ. ಈ ಹತ್ತು ಪ್ರಶ್ನೆಗಳೂ ಒಂದೇ ದಿಕ್ಕಿಗೆ ವಾಲಿವೆ. ಹೌದೆಂದಷ್ಟೂ ಮೇಲೆ ಏರುತ್ತೀರಿ. ಜನ ಸ್ವಭಾವತಃ ಎದುರಿಗಿದ್ದವರ ಮಾತಿಗೆ ತಲೆಯಾಡಿಸುವವರು. ಅದರಲ್ಲೂ ಕೈಯಲ್ಲಿ ಕೆಲಸವಿದ್ದಾಗ. ಪ್ರಶ್ನೆಯ ಮಾತು ಬದಲಾದರೆ ಉತ್ತರವೂ ಬದಲಾಗುತ್ತದೆಂಬುದನ್ನು ಬಲ್ಲವರು ಬಹಳ ಹಿಂದೆಯೇ ಪರೀಕ್ಷಿಸಿ ನೋಡಿದ್ದಾರೆ. ಡೊನಾಲ್ಡ್ ರಗ್ ಎಂಬವರು 1941ರಲ್ಲಿ ಅಮೆರಿಕದ ಒಂದು ಸಮೀಕ್ಷೆಯನ್ನು ಪ್ರಕಟಿಸಿದರು. ಪ್ರಜಾಪ್ರಭುತ್ವದ ವಿರುದ್ಧ ಬಹಿರಂಗ ಭಾಷಣಗಳನ್ನು 'ನಿಷೇಧಿಸಬೇಕೆ?' ಎಂದು ಕೇಳಿದಾಗ ನೂರಕ್ಕೆ 46 ಮಂದಿ ನಿಷೇಧಿಸಬೇಕೆಂದರು. 'ಅಂಥ ಭಾಷಣಗಳಿಗೆ ಅವಕಾಶ ಕೊಡಬೇಕೆ?' ಎಂದು ತಿರುಗಿಸಿ ಕೇಳಿದಾಗ ಅವಕಾಶ ಕೊಡಬಾರದೆಂದವರು 62. ಸಂಗತಿ ಒಂದೇ. 'ನಿಷೇಧ' ಎಂಬ ಮಾತು ಗಡುಸು, 'ಅವಕಾಶವಿಲ್ಲ' ಎಂಬುದು ಮೆದು. ಅಷ್ಟರಲ್ಲೇ ಇಷ್ಟು ಜನರ ಮನಸ್ಸು ಮಗುಚಿತು. ಹೀಗಿರಲು ಹತ್ತು ಪ್ರಶ್ನೆಯ ಚೀಟಿ ನನ್ನ ಹಣೆಗೆ ಹಚ್ಚುವ ನಾಮವನ್ನು ಎಷ್ಟರಮಟ್ಟಿಗೆ ನಂಬುವುದು?

ಆದರೆ ನನ್ನ ತಕರಾರು ಪರೀಕ್ಷೆಯ ಕ್ರಮದ ಬಗ್ಗೆ ಮಾತ್ರವಲ್ಲ, ಅದರ ಹಿಂದಿನ ತತ್ತ್ವದ ಬಗ್ಗೆ. ಲಿಬರ್ಟೇರಿಯನ್ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ? 'ಸ್ವೇಚ್ಛಾವಾದಿ' ಎಂದರೆ ಬೈದಂತಾಗುತ್ತದೆ. 'ಸ್ವಾತಂತ್ರ್ಯವಾದಿ' ಎಂದರೆ ಖಾದಿ ತೊಟ್ಟು ಸೆರೆಮನೆಗೆ ಹೋದವರ ನೆನಪಾಗುತ್ತದೆ. ಅವರ ಮಾತಿನ ಸಾರ ಇಷ್ಟೆ: ನನ್ನ ದೇಹ ನನ್ನದು, ನಾನು ದುಡಿದದ್ದು ನನ್ನದು, ಕಳ್ಳರಿಂದ ಕಾಯುವುದು, ಕರಾರು ಮುರಿಯದಂತೆ ನೋಡುವುದು ಇವೆರಡು ಬಿಟ್ಟು ಸರಕಾರ ಮತ್ತೇನೂ ಮಾಡಬೇಕಾಗಿಲ್ಲ. ಇದು ನಮ್ಮವರು ಕೇಳರಿಯದ ಮಾತೇನಲ್ಲ. 'ದಿ ಇಂಡಿಯನ್ ಲಿಬರ್ಟೇರಿಯನ್' ಎಂಬ ಇಂಗ್ಲಿಷ್ ಪತ್ರಿಕೆಯೊಂದು 1950ರ ದಶಕದಲ್ಲಿ ಇದೇ ಮುಂಬಯಿಯಿಂದ ಹೊರಡುತ್ತಿತ್ತು. ರಾಜಾಜಿಯವರು 1959ರಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿದಾಗ ಅಷ್ಟು ದೂರ ಹೋಗದಿದ್ದರೂ ಪರ್ಮಿಟ್ಟು, ಲೈಸೆನ್ಸುಗಳ ರಾಜ್ಯವೆಂದು ಸರಕಾರವನ್ನು ಝಾಡಿಸಿದ್ದರು. 1967ರಲ್ಲಿ ಅವರ ಪಕ್ಷ ಲೋಕಸಭೆಯಲ್ಲಿ 44 ಸ್ಥಾನ ಗೆದ್ದಿತ್ತು. ಒಂದು ಟೆಲಿಫೋನಿಗಾಗಿ ವರ್ಷಗಟ್ಟಲೆ ಸರದಿಯಲ್ಲಿ ಕಾದವರು, ಗುಮಾಸ್ತನ ಮೇಜಿನ ಮುಂದೆ ಕೈಕಟ್ಟಿ ನಿಂತವರು, ರಾಜಾಜಿಯವರದು ಪೂರಾ ತಪ್ಪೆಂದು ಹೇಳಲಾರರು. ನಾನೂ ಹೇಳಲಾರೆ.

ನನ್ನ ಸಂಶಯವಿರುವುದು ಬೇರೆ ಕಡೆ. ನನ್ನ ತಂದೆ ಕುಂದಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಚಾಲಗೇಣಿ ಒಕ್ಕಲು. ನಮ್ಮ ಜಿಲ್ಲೆಯ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂಬಯಿಯಲ್ಲೇ ಹುಟ್ಟಿದ ಮಕ್ಕಳಿಗಾಗಿ ಹೇಳುತ್ತೇನೆ. ಮೂಲಗೇಣಿಯ ಒಕ್ಕಲನ್ನು ಗೇಣಿ ಸಲ್ಲಿಸುವವರೆಗೆ ಎಬ್ಬಿಸುವಂತಿರಲಿಲ್ಲ. ಚಾಲಗೇಣಿಯವನನ್ನು ಧಣಿಗಳು ಬೇಡವೆಂದರೆ ಎಬ್ಬಿಸಬಹುದಿತ್ತು. ಬೆಳೆ ಬರಲಿ, ಬಿಡಲಿ, ಅಕ್ಕಿಯ ಮುಡಿ ಕಟ್ಟಿ ಧಣಿಗಳ ಜಗಲಿಗೆ ಮುಟ್ಟಿಸಬೇಕು. ಅಂಗಳದ ಹಲಸಿನ ಮರದ ಒಂದು ಕೊಂಬೆ ಕಡಿಯಬೇಕಾದರೂ ಅಪ್ಪಣೆ ಬೇಕು. ಈಗ ಆ ಚೀಟಿಯನ್ನು ನನ್ನ ತಂದೆಯ ಕೈಗೆ ಕೊಟ್ಟೆವೆನ್ನಿ. ಸರಕಾರವೆಂಬುದು ಅವರ ಗದ್ದೆಯ ಬದುವಿಗೆ ಎಂದೂ ಬಂದಿರಲಿಲ್ಲ. ತೆರಿಗೆಯಿಲ್ಲ, ಲೈಸೆನ್ಸಿಲ್ಲ, ಗುರುತಿನ ಚೀಟಿಯಿಲ್ಲ. ಚೀಟಿಯ ಲೆಕ್ಕದಲ್ಲಿ ಅವರಷ್ಟು ಸ್ವತಂತ್ರರು ಬೇರೆ ಯಾರಿದ್ದರು? ಆದರೂ ಅವರು ಧಣಿಗಳ ಎದುರು ಹೆಗಲ ಬೈರಾಸನ್ನು ಕೈಗೆ ತೆಗೆದುಕೊಳ್ಳದೆ ನಿಂತದ್ದನ್ನು ನಾನು ಕಂಡಿಲ್ಲ.

"ಅದು ಕರಾರು ಅಜ್ಜ. ಅವರು ಒಪ್ಪಿಯೇ ಗೇಣಿಗೆ ಹಿಡಿದದ್ದಲ್ವಾ?" ಎಂದಳು ಮೊಮ್ಮಗಳು.

"ಒಪ್ಪಿದ್ದರು ಮಗಾ. ಒಪ್ಪದಿದ್ದರೆ ಗಂಜಿಯಿರಲಿಲ್ಲ."

ಆ ಚೀಟಿಯಲ್ಲಿ ಸ್ವಾತಂತ್ರ್ಯವನ್ನು ಕಸಿಯಬಲ್ಲವನು ಒಬ್ಬನೇ: ಸರಕಾರ. ಧಣಿ, ಸಾಹುಕಾರ, ಜಾತಿ, ಹಸಿವು ಇವುಗಳ ಬಗ್ಗೆ ಹನ್ನೊಂದನೆಯ ಪ್ರಶ್ನೆಯಿಲ್ಲ. ನನ್ನ ತಂದೆಯ ಬೈರಾಸು ಹೆಗಲಿಗೇರಿದ್ದು 1974ರ ಮಾರ್ಚ್ 1ರ ಬಳಿಕ. ದೇವರಾಜ ಅರಸರ ಸರಕಾರದ ತಿದ್ದುಪಡಿ ಅಂದಿನಿಂದ ಜಾರಿಗೆ ಬಂತು. ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿ, ಅರ್ಜಿ ಹಾಕಿದ ಒಕ್ಕಲಿಗೆ ಹಕ್ಕು ಸಿಗುವಂತಾಯಿತು. ಊರಲ್ಲಿ ಅದಕ್ಕೆ 'ಡಿಕ್ಲರೇಶನ್ ಕೊಡುವುದು' ಎಂದೇ ಹೆಸರು. ತಂದೆ ಹೆದರಿ ಹೆದರಿ ಡಿಕ್ಲರೇಶನ್ ಕೊಟ್ಟರು. ಭೂ ನ್ಯಾಯ ಮಂಡಳಿಯ ಆದೇಶ ಬಂದ ದಿನ ಅವರು ನನಗೆ ಬರೆಸಿದ ಕಾಗದದಲ್ಲಿ ಇದ್ದುದು ಒಂದೇ ಸಂಗತಿ: ಹಲಸಿನ ಮರದ ಕೊಂಬೆ ಮಾಡಿಗೆ ತಾಗುತ್ತಿತ್ತು, ಕಡಿಸಿದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ, ಅಂದರೆ ಗ್ರೌಂಡ್ ಫ್ಲೋರಿನಲ್ಲಿ, ನನ್ನ ಗೆಳೆಯರೊಬ್ಬರಿದ್ದಾರೆ. ಅವರೂ ನಮ್ಮ ಜಿಲ್ಲೆಯವರೇ. ಅವರ ತಾಯಿ ವಿಧವೆ. ಗಂಡ ಬಿಟ್ಟುಹೋದ ಎರಡು ಎಕ್ರೆ ಗದ್ದೆಯನ್ನು ತಾನು ಉಳಲಾರದೆ ಗೇಣಿಗೆ ಕೊಟ್ಟು, ಬಂದ ಅಕ್ಕಿಯಲ್ಲಿ ಮೂವರು ಮಕ್ಕಳನ್ನು ಸಾಕುತ್ತಿದ್ದರು. ಅದೇ ಕಾನೂನು, ಅದೇ ಡಿಕ್ಲರೇಶನ್. ಆ ಎರಡು ಎಕ್ರೆ ಹೋಯಿತು. ಪರಿಹಾರವೆಂದು ಬಂದ ಹಣ ಮಕ್ಕಳ ಹಸಿವಿಗೆ ಸಾಲಲಿಲ್ಲ. ನನ್ನ ಗೆಳೆಯರು ಹದಿನಾರನೆಯ ವಯಸ್ಸಿಗೆ ಮುಂಬಯಿಯ ಬಸ್ಸು ಹತ್ತಿದ್ದು ಅದರಿಂದ. "ನಿಮ್ಮಪ್ಪನ ಬೈರಾಸು ಹೆಗಲಿಗೇರಿತು, ಸಂತೋಷ. ನಮ್ಮಮ್ಮನ ಕೈಯ ಬಳೆ ಅಡವಿಗೆ ಹೋಯಿತು" ಎಂದು ಒಮ್ಮೆ ನನ್ನ ಮುಖಕ್ಕೇ ಹೇಳಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ದೊಡ್ಡ ಧಣಿಗೂ ಎರಡು ಎಕ್ರೆಯ ವಿಧವೆಗೂ ಒಂದೇ ಕತ್ತಿ ಬೀಸಿದ ಕಾನೂನು ಅದು. ಸರಕಾರದ ಕೈ ದೊಡ್ಡದು. ದೊಡ್ಡ ಕೈಗೆ ಸಣ್ಣದನ್ನು ಹಿಡಿಯುವ ನಾಜೂಕು ಕಡಮೆ.

ಅದೇ 1974ರಲ್ಲಿ ಅಮೆರಿಕದ ಹಾರ್ವರ್ಡಿನ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ರಾಬರ್ಟ್ ನೋಜಿಕ್ ಈ ಪಂಥದ ಮುಖ್ಯ ಗ್ರಂಥವನ್ನು ಪ್ರಕಟಿಸಿದರು. ಹೆಸರು 'ಅನಾರ್ಕಿ, ಸ್ಟೇಟ್ ಅಂಡ್ ಯುಟೋಪಿಯಾ'. ಅವರ ವಾದದ ಕಟ್ಟು ಸರಳ. ಆಸ್ತಿಯನ್ನು ಮೊದಲು ಪಡೆದ ಬಗೆ ನ್ಯಾಯವಾಗಿದ್ದು, ಆಮೇಲೆ ಕೈಯಿಂದ ಕೈಗೆ ದಾಟಿದ ಬಗೆಯೂ ನ್ಯಾಯವಾಗಿದ್ದರೆ, ಈಗ ಯಾರ ಕೈಯಲ್ಲಿದೆಯೋ ಅದು ಅವರದೇ. ಹಂಚಿಕೆ ಸಮವೋ ಅಸಮವೋ ಎಂದು ಕೇಳುವಂತಿಲ್ಲ. ಹಿಂದೆ ಅನ್ಯಾಯ ನಡೆದಿದ್ದರೆ ಅದನ್ನು ಸರಿಪಡಿಸಬೇಕೆಂಬ ಮೂರನೆಯ ಸೂತ್ರವನ್ನೂ ಅವರು ಸೇರಿಸಿದ್ದಾರೆ. ಆದರೆ ಅದನ್ನು ಬೆಳೆಸದೆ ಅಲ್ಲಿಗೇ ಬಿಟ್ಟರು. ನಮ್ಮ ಜಗಳವೆಲ್ಲ ಇರುವುದು ಆ ಬಿಟ್ಟ ಜಾಗದಲ್ಲೇ! ಧಣಿಗಳ ಹಿರಿಯರಿಗೆ ಆ ಗದ್ದೆ ಮೊದಲು ಹೇಗೆ ಬಂತು? ಉತ್ತ ಕೈ ಯಾವುದು, ಬರೆಸಿಕೊಂಡ ಕೈ ಯಾವುದು? ಈ ಪ್ರಶ್ನೆ ಕೇಳದೆ ಆಸ್ತಿಗೆ ಬೇಲಿ ಹಾಕುವುದು, ಅಡಿಪಾಯ ನೋಡದೆ ಮಹಡಿ ಎಬ್ಬಿಸಿದಂತೆ.

ನೋಜಿಕ್ ಅವರ ಬಾಳಿನಲ್ಲಿ ಇನ್ನೊಂದು ಪ್ರಸಂಗವಿದೆ. ಮುಂಬಯಿಯವರಿಗೆ ಅದು ರುಚಿಸಬಹುದು. ಅವರು ಕೇಂಬ್ರಿಜ್ ಪಟ್ಟಣದಲ್ಲಿ ಬಾಡಿಗೆ ಮನೆಯಲ್ಲಿದ್ದರು. 1980ರ ದಶಕದಲ್ಲಿ ಮಾಲಿಕನೊಡನೆ ಮನಸ್ತಾಪ ಬಂದು, ತಾವು ತತ್ತ್ವಶಃ ಒಪ್ಪದ ಬಾಡಿಗೆ ನಿಯಂತ್ರಣ ಕಾನೂನನ್ನೇ ಅವನ ಮೇಲೆ ಪ್ರಯೋಗಿಸಿದರು. ಅದಕ್ಕಾಗಿ ಪಶ್ಚಾತ್ತಾಪಪಡುತ್ತೇನೆಂದು ಆಗಲೇ ಗೊತ್ತಿತ್ತೆಂದು ಮುಂದೆ ತಾವೇ ಒಪ್ಪಿಕೊಂಡರು. ಇದನ್ನು ಓದಿ ನನಗೆ ಅವರ ಮೇಲೆ ಪ್ರೀತಿಯೇ ಹುಟ್ಟಿತು. ನಾನು ಮದುವೆಯಾಗಿ ಸಂಸಾರ ಹೂಡಿದ್ದು ಒಂದು ಪಗಡಿಯ ಚಾಳಿನಲ್ಲಿ. 1947ರ ಬೊಂಬಾಯಿ ಬಾಡಿಗೆ ಕಾನೂನು 1940ರ ಬಾಡಿಗೆಗೆ ಮೊಳೆ ಹೊಡೆದು ಕೂರಿಸಿತ್ತು. ಅದರಿಂದ ನನ್ನಂಥವನ ತಲೆಯ ಮೇಲೆ ಮಾಡು ನಿಂತಿತು. ಅದರಿಂದಲೇ ಮಾಲಿಕ ರಿಪೇರಿಗೆ ಕೈಹಾಕದೆ ಚಾಳಿನ ಮರದ ಮೆಟ್ಟಿಲು ಒಂದು ಮಳೆಗಾಲದಲ್ಲಿ ಕುಸಿಯಿತು. ಎರಡೂ ನಿಜ. ನೋಜಿಕ್ ಅವರೇ 1989ರ ಪುಸ್ತಕವೊಂದರಲ್ಲಿ, ತಮ್ಮ ಹಿಂದಿನ ನಿಲುವು ಸಾಲದಾಗಿತ್ತೆಂದು ಬರೆದರು. ಅಷ್ಟು ದೊಡ್ಡವರು ಮೂಲೆ ಬದಲಿಸಬಹುದಾದರೆ ನನ್ನ ಚುಕ್ಕೆ ಅಲುಗಾಡಿದರೆ ಏನು ಹೋಯಿತು?

ಮೊಮ್ಮಗಳಿಗೆ ನಾನು ಕರಡಿಗಳ ಕಥೆಯನ್ನೂ ಹೇಳಿದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಗ್ರಾಫ್ಟನ್ ಎಂಬ ಸಾವಿರ ಚಿಲ್ಲರೆ ಜನರ ಊರಿದೆ. 2004ರಿಂದ ಈಚೆಗೆ ಈ ಪಂಥದವರು ಹಲವರು ಅಲ್ಲಿಗೆ ಬಂದು ನೆಲೆಸಿ, ಊರನ್ನು ತಮ್ಮ ತತ್ತ್ವದ ಮಾದರಿಯಾಗಿ ಮಾಡಹೊರಟರು. ಮೊದಲೇ ಸಣಕಲಾಗಿದ್ದ ಊರಿನ ಖರ್ಚಿಗೆ ಇನ್ನಷ್ಟು ಕತ್ತರಿ ಬಿತ್ತು. ಬೀದಿದೀಪಗಳು ಆರಿದವು, ರಸ್ತೆಗಳಲ್ಲಿ ಹೊಂಡ ಬಿದ್ದವು. ಕಸವನ್ನು ತನಗೆ ಕಂಡಂತೆ ಇಟ್ಟುಕೊಳ್ಳುವುದು ಅವರವರ ಸ್ವಾತಂತ್ರ್ಯ. ಕಾಡಿನ ಕರಡಿಗಳಿಗೆ ಈ ತತ್ತ್ವ ಬಹಳ ಹಿಡಿಸಿತು. ಒಬ್ಬರು ಕರಡಿ ಬರದಂತೆ ಬೇಲಿ ಹಾಕಿದರೆ, ಇನ್ನೊಬ್ಬರು ಪ್ರೀತಿಯಿಂದ ಸಿಹಿತಿಂಡಿ ತಿನ್ನಿಸುವರು. ಕರಡಿಗಳು ಹಗಲಲ್ಲೇ ಅಂಗಳಕ್ಕೆ ಬಂದವು; ಮನುಷ್ಯರ ಮೇಲೆ ಬಿದ್ದದ್ದೂ ಆಯಿತು. ಮ್ಯಾಥ್ಯೂ ಹಾಂಗೋಲ್ಟ್ಸ್-ಹೆಟ್ಲಿಂಗ್ ಎಂಬ ಪತ್ರಕರ್ತರು 2020ರಲ್ಲಿ ಇದನ್ನೇ ಪುಸ್ತಕವಾಗಿ ಬರೆದಿದ್ದಾರೆ. ನೆರೆಮನೆಯ ಕಸ ನನ್ನ ಮನೆಗೆ ಕರಡಿಯನ್ನು ತರುತ್ತದೆ ಎಂಬ ಮಾತಿಗೂ ಚೀಟಿಯಲ್ಲಿ ಜಾಗವಿಲ್ಲ.

"ಹಾಗಾದರೆ ಬಾಕಿ ಪ್ರಶ್ನೆಗೆ 'ಇಲ್ಲ' ಅಂತ ಬರೆಯುವುದಾ?" ಎಂದಳು.

ಇಲ್ಲವೆಂದೂ ಹೇಗೆ ಬರೆಯಿಸಲಿ? 1964ರಲ್ಲಿ, ಹದಿನಾಲ್ಕರ ಹುಡುಗ, ನಾನು ಫೋರ್ಟಿನ ಒಂದು ಹೊಟೇಲಿನಲ್ಲಿ ಲೋಟ ತೊಳೆಯಲು ನಿಂತೆ. ರಾತ್ರಿ ಕನ್ನಡ ಶಾಲೆಗೆ ಹೋದೆ. ಆ ಶಾಲೆಯನ್ನು ನಡೆಸಿದವರು ಸರಕಾರದವರಲ್ಲ. ನಮ್ಮವರೇ, ಗಲ್ಲೆಯ ಮೇಲೆ ಕೂತ ಮಾಲಿಕರು, ಬ್ಯಾಂಕಿನ ಗುಮಾಸ್ತರು, ತಿಂಗಳಿಗೆ ಎಂಟಾಣೆ ಒಂದು ರೂಪಾಯಿ ಹಾಕಿದವರು. ಸಂಬಳ ಸಿಕ್ಕಿದರೆ ಸಿಕ್ಕಿತು ಎಂದು ಹಗಲಿನ ದುಡಿಮೆ ಮುಗಿಸಿ ಪಾಠ ಹೇಳಲು ಬಂದ ಮಾಸ್ತರರ ಋಣವನ್ನು ನಾನು ಹೇಗೆ ಮರೆಯಲಿ? ಅದು ಶುದ್ಧ ಧರ್ಮಬುದ್ಧಿ. ಯಾವ ಕಾನೂನೂ ಅವರನ್ನು ಬಲವಂತ ಮಾಡಿರಲಿಲ್ಲ. ಆದರೆ ಶಾಲೆ ನಡೆದದ್ದು ಹಗಲು ಮುನಿಸಿಪಾಲಿಟಿಯ ಶಾಲೆಯಾಗಿದ್ದ ಕಟ್ಟಡದಲ್ಲಿ, ಮುನಿಸಿಪಾಲಿಟಿಯ ದೀಪದ ಕೆಳಗೆ. ಮುಂದೆ ಗ್ರಾಂಟು ಬಂತು. ಬರೆದ ಪರೀಕ್ಷೆ ಸರಕಾರದ್ದು. ಹೊಟೇಲಿನ ಮಾಲಿಕರು ನನ್ನನ್ನು ಸಂಜೆ ಬಿಟ್ಟುಕೊಟ್ಟದ್ದು ಒಳ್ಳೆಯತನದಿಂದಲೋ, ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ 1948ರ ಕಾನೂನಿನ ಇನ್‌ಸ್ಪೆಕ್ಟರನ ಹೆದರಿಕೆಯಿಂದಲೋ? ಆ ಇನ್‌ಸ್ಪೆಕ್ಟರ್ ಬಂದಾಗ ನಮ್ಮನ್ನು ಹಿಂದಿನ ಮೆಟ್ಟಿಲಿನಿಂದ ಓಡಿಸುತ್ತಿದ್ದುದನ್ನು ನೆನೆದರೆ ಹೆದರಿಕೆಯ ಪಾಲೂ ಇತ್ತೆಂದು ತೋರುತ್ತದೆ. ದಾನಿಯ ರೂಪಾಯಿಯನ್ನೂ ಸರಕಾರದ ದೀಪವನ್ನೂ ಬೇರೆಬೇರೆ ಮಾಡಿ, ಇದರಿಂದ ಇಷ್ಟು ಅಕ್ಷರ ಕಲಿತೆ, ಅದರಿಂದ ಅಷ್ಟು ಎಂದು ಲೆಕ್ಕ ಕೊಡಲು ನನ್ನಿಂದಾಗದು.

ಈಗ ಲಿಫ್ಟಿನ ಸಂಗತಿ ಹೇಳಿ ಮುಗಿಸುತ್ತೇನೆ. ನಾನು ನಮ್ಮ ಸೊಸೈಟಿಯ ಖಜಾಂಚಿ. ಮನೆ ನಾಲ್ಕನೆಯ ಮಾಳಿಗೆಯಲ್ಲಿ. ಹಳೆಯ ಲಿಫ್ಟಿನ ರಿಪೇರಿಗೆ ಹಣ ಕೂಡಿಸಬೇಕಾಗಿ ಬಂದಾಗ ನನ್ನ ಕೆಳಗಿನ ಮನೆಯ ಗೆಳೆಯರು ಸಭೆಯಲ್ಲಿ ಎದ್ದು ನಿಂತರು: "ನಾನು ಇಪ್ಪತ್ತು ವರ್ಷಗಳಲ್ಲಿ ಆ ಪೆಟ್ಟಿಗೆಗೆ ಕಾಲಿಟ್ಟವನಲ್ಲ. ನಾನೇಕೆ ಕೊಡಬೇಕು?" ಮಹಾರಾಷ್ಟ್ರದ ಮಾದರಿ ಉಪವಿಧಿಗಳ ಪ್ರಕಾರ ಲಿಫ್ಟನ್ನು ಬಳಸಲಿ, ಬಿಡಲಿ, ಕಟ್ಟಡದ ಸದಸ್ಯರೆಲ್ಲ ಸಮನಾಗಿ ಕೊಡಬೇಕು. ಅದನ್ನು ಓದಿ ತೋರಿಸಿದೆ. ಅವರು, "ಹತ್ತು ಜನ ಕೈಯೆತ್ತಿದರೆ ಹನ್ನೊಂದನೆಯವನ ಗದ್ದೆ ಹೋಗುತ್ತದೆ, ಗೊತ್ತುಂಟು" ಎಂದು ಕೂತರು. ಲಿಫ್ಟಿನ ಮಾತಿನೊಳಗೆ ಗದ್ದೆ ಎಲ್ಲಿಂದ ಬಂತೆಂದು ಉಳಿದವರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. 'ಹತ್ತು ಜನರ ಕಡ್ಡಿ ಒಬ್ಬನ ತಲೆಹೊರೆ' ಎಂಬ ಗಾದೆ ನನ್ನ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಹಿಂದೊಮ್ಮೆ ಹತ್ತು ಜನರ ಹೊರೆಯನ್ನು ಅವರ ತಾಯಿಯೊಬ್ಬರೇ ಹೊತ್ತಿದ್ದರು.

ಮೊಮ್ಮಗಳು ಅವರ ಹತ್ತಿರವೂ ಚೀಟಿ ಒಯ್ದಳು. "ಅವರು ಖಂಡಿತ ಮೇಲಿನ ಮೂಲೆ" ಎಂದು ಹೇಳಿಯೇ ಹೋದಳು. ಅರ್ಧ ಗಂಟೆಯ ಮೇಲೆ ಬಂದಳು. ಊಹಿಸಿದಂತೆಯೇ ಅವರು ತೆರಿಗೆಗೂ ವ್ಯಾಪಾರಕ್ಕೂ ಪಿಂಚಣಿಗೂ ಇಪ್ಪತ್ತಿಪ್ಪತ್ತು ಹಾಕಿಸಿದ್ದರು. ಆದರೆ ಒಂದು ಜಾಗ ಖಾಲಿ. ನಾನು ಖಾಲಿ ಬಿಟ್ಟ ಅದೇ ಪ್ರಶ್ನೆ.

"ಯಾಕಂತೆ?"

"ಅವರೂ ನಿಮ್ಮ ಹಾಗೆ ರಾತ್ರಿ ಶಾಲೆಯಲ್ಲಿ ಓದಿದ್ದಂತೆ ಅಜ್ಜ. 'ಇದಕ್ಕೆ ನಾನು ಒಂದು ಮಾತಿನಲ್ಲಿ ಹೇಳಿದರೆ ಸುಳ್ಳಾಗ್ತದೆ' ಅಂದರು."

ಅವಳು ಎರಡು ಚೀಟಿಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು. ಲಿಬರ್ಟೇರಿಯನ್ನರ ವಾದವನ್ನು ಅವಳು ಬಿಟ್ಟಿಲ್ಲ. ಬಿಡಬೇಕೆಂದು ನಾನು ಹೇಳಲೂ ಇಲ್ಲ. ಸರಕಾರದ ಕೈಯನ್ನು ಹಿಡಿದು ಕೇಳುವ ಮಕ್ಕಳು ಮನೆಗೊಬ್ಬರಾದರೂ ಬೇಕು. ಆದರೆ ಯಾರ ಕೈ ಯಾರ ಹೆಗಲ ಮೇಲಿದೆಯೆಂದು ನೋಡದೆ ಕೇಳಬಾರದು, ಅಷ್ಟೆ. ಮುಂದಿನ ವಾರ ಅವಳು ಗೆಳೆಯರಿಂದ ಮುಂಬಯಿಯ ರಾತ್ರಿ ಶಾಲೆಗಳ ಕಥೆ ಬರೆದುಕೊಳ್ಳಲು ನೋಟುಪುಸ್ತಕ ಹಿಡಿದು ಕೆಳಗಿಳಿದಳು.

ಗೆಳೆಯರು ಲಿಫ್ಟಿನ ಹಣ ಕೊಟ್ಟಿದ್ದಾರೆ. ಯಾವ ತತ್ತ್ವಕ್ಕೆ ಒಪ್ಪಿ ಕೊಟ್ಟರೋ ನಾನು ಕೇಳಲಿಲ್ಲ. ಅವರ ರಶೀದಿಯನ್ನು ಮಾತ್ರ ನಾನೇ ನಾಲ್ಕು ಮಾಳಿಗೆ ಮೆಟ್ಟಿಲಿಳಿದು ಹೋಗಿ ಕೊಟ್ಟುಬಂದೆ. ಲಿಫ್ಟು ಆ ದಿನ ಚೆನ್ನಾಗಿಯೇ ನಡೆಯುತ್ತಿತ್ತು.